ಅಮ್ಮನ ಅರವತ್ತಕ್ಕೆ ಆಲ್ಪ್ಸ್ ಕೆರೆ

ನಮ್ಮ ಸೋಮವಾರಪೇಟೆ ಕಡೆ ಅಮ್ಮಂದಿರ ಹುಟ್ಟುಹಬ್ಬ ಅಂತ ಮಾಡಿದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದಿಲ್ಲ. ಮಕ್ಕಳದ್ದಾದರೆ ಪಾಯಸ, ಹೊಸ ಬಟ್ಟೆ. ಅಮ್ಮನದ್ದು ಯಾವತ್ತು ಅಂತ ಕೇಳಿದರೆ "ತುಲಾ ಸಂಕ್ರಮಣದ ಹಿಂದೆ ಮುಂದೆ" ಅನ್ನುತ್ತಿದ್ದಳು. ಅಕ್ಟೋಬರ್ ನಡುವೆ ತಲಕಾವೇರಿಯಲ್ಲಿ ತೀರ್ಥೋದ್ಭವ. ಆ ಗಡಿಬಿಡಿಯಲ್ಲಿ ಅವಳ ದಿನ ಯಾರ ನೆನಪಿಗೂ ಬರುತ್ತಿರಲಿಲ್ಲ. ಈ ಸಲ ಅಪ್ಪ, ಅಮ್ಮ ಇಬ್ಬರೂ ಮ್ಯೂನಿಕ್‌ನಲ್ಲಿ ನಮ್ಮ ಜತೆಗಿದ್ದರು. ಅಮ್ಮನಿಗೆ ಅರವತ್ತು. ಸುಮ್ನೆ ಬಿಡಲು ಮನಸ್ಸಾಗಲಿಲ್ಲ.

ಕೇಕ್ ಬೇಡ, ದೊಡ್ಡ ಹೋಟೆಲೂ ಬೇಡ, ಬೆಟ್ಟ ಮತ್ತು ನೀರು ಇರುವ ಕಡೆ ಹೋಗೋಣ ಅಂದಳು. ಹಾಗಾಗಿ ಕೋನಿಗ್ಸ್‌ಸೀ. ಜರ್ಮನಿಯ ಆಗ್ನೇಯ ಮೂಲೆಯಲ್ಲಿ, ಆಸ್ಟ್ರಿಯಾ ಗಡಿಗೆ ಅಂಟಿಕೊಂಡ ಬೆರ್ಷ್ಟೆಸ್‌ಗಾಡನ್ ಊರಿನ ಪಕ್ಕದ ಕೆರೆ. ಮ್ಯೂನಿಕ್‌ನಿಂದ ರೈಲಿನಲ್ಲಿ ಫ್ರೈಲಾಸಿಂಗ್ ತನಕ ಹೋಗಿ, ಅಲ್ಲಿ ರೈಲು ಬದಲಿಸಿ ಬೆರ್ಷ್ಟೆಸ್‌ಗಾಡನ್, ಅಲ್ಲಿಂದ ಬಸ್ಸು. ಅಕ್ಕಿ ರೊಟ್ಟಿ, ಎಳ್ಳು ಚಟ್ನಿ, ಫ್ಲಾಸ್ಕ್ ತುಂಬ ಊರಿನ ಕಾಫಿ ಕಟ್ಟಿಕೊಂಡು ಹೊರಟೆವು.

ನೀರು ಕಡು ಹಸಿರು. ಕೆರೆ ಇರುವುದು ಸಮುದ್ರಮಟ್ಟದಿಂದ 603 ಮೀಟರ್ ಎತ್ತರದಲ್ಲಿ ಅಷ್ಟೇ, ಅಂದರೆ ಮಡಿಕೇರಿಗಿಂತ ಎಷ್ಟೋ ತಗ್ಗು. ಆದರೆ ಸುತ್ತಲಿನ ಬೆಟ್ಟ ನೀರಿನ ಅಂಚಿನಿಂದಲೇ ನೇರ ಎದ್ದು ನಿಂತಿವೆ. ವಾಟ್ಸ್‌ಮನ್ ಅನ್ನುವ ಬೆಟ್ಟ 2713 ಮೀಟರ್. ಅದರ ಪೂರ್ವದ ಬಂಡೆ ಗೋಡೆ ಒಂದೇ ಸುಮಾರು 1800 ಮೀಟರ್ ಇದೆ. ಕೊಡಗಿನ ಅತಿ ಎತ್ತರದ ಬೆಟ್ಟ, ನಮ್ಮ ತಡಿಯಂಡಮೋಳ್, ಸಮುದ್ರಮಟ್ಟದಿಂದ ಲೆಕ್ಕ ಹಾಕಿದರೂ 1748 ಮೀಟರ್. ಇದನ್ನು ಹೇಳಿದಾಗ ಅಪ್ಪ ತಲೆ ಹಿಂದಕ್ಕೆ ಮಾಡಿ ತುಂಬ ಹೊತ್ತು ಆ ಗೋಡೆಯನ್ನೇ ನೋಡಿದರು.

ಈ ಕೆರೆಯ ಸುತ್ತ ರಸ್ತೆ ಇಲ್ಲ. ಒಳಗೆ ಹೋಗಬೇಕಾದರೆ ದೋಣಿ, ಇಲ್ಲವೇ ಬೆಟ್ಟದ ಕಾಲುದಾರಿ. ಪ್ರವಾಸಿಗರ ದೋಣಿಗಳೆಲ್ಲ ಬ್ಯಾಟರಿಯವು. ಅದೂ ಈಗ ಶುರುವಾದದ್ದಲ್ಲ, 1909ರಿಂದ. ಡೀಸೆಲ್ ವಾಸನೆ ಇಲ್ಲ, ಗುಡುಗುಡು ಸದ್ದಿಲ್ಲ. ದೋಣಿ ತುಂಬ ಜನ ಇದ್ದರೂ ನೀರು ಸೀಳುವ ಸದ್ದು ಕಿವಿಗೆ ಬೀಳುತ್ತಿತ್ತು. ನೀರು ಕುಡಿಯುವಷ್ಟು ಶುದ್ಧ. ನನಗೆ ಬೆಟ್ಟಕ್ಕಿಂತ ದೊಡ್ಡದಾಗಿ ಕಂಡದ್ದು ಇದೇ. ಬೆಟ್ಟ ದೇವರು ಕೊಟ್ಟದ್ದು. ಈ ಸದ್ದಿಲ್ಲದ ದೋಣಿ ಮಾತ್ರ ಜನ ಕೂತು ತೀರ್ಮಾನ ಮಾಡಿ, ನೂರು ವರ್ಷಕ್ಕೂ ಜಾಸ್ತಿ ಉಳಿಸಿಕೊಂಡು ಬಂದದ್ದು.

ಅರ್ಧ ದಾರಿಯಲ್ಲಿ ದೋಣಿ ನಿಂತಿತು. ದೋಣಿಯವರು ಟ್ರಂಪೆಟ್ ತೆಗೆದು ಬಂಡೆ ಕಡೆಗೆ ಒಂದು ಸಾಲು ಊದಿದರು, ಬಂಡೆ ಆ ಸಾಲನ್ನು ಹಾಗೇ ಮರಳಿಸಿತು. ಅಮ್ಮ ಚಪ್ಪಾಳೆ ತಟ್ಟಿದಳು. "ನಮ್ಮ ಕೊಂಬು ಊದಬೇಕಿತ್ತು ಇಲ್ಲಿ, ಆಸ್ಟ್ರಿಯಾಕ್ಕೇ ಕೇಳ್ತಿತ್ತು" ಅಂದರು ಅಪ್ಪ. ಯಜಮಾನರು ಅದನ್ನು ಜರ್ಮನ್‌ನಲ್ಲಿ ಹೇಳಿದಾಗ ದೋಣಿಯವರು ಕೊಂಬು ಹೇಗಿರುತ್ತದೆ ಅಂತ ಕೇಳಿದರು. ಅಪ್ಪ ಕೈಯಲ್ಲೇ ಅದರ ಬಾಗು ಬರೆದು ತೋರಿಸಿದರು.

ಇದೇ ದಾರಿಯಲ್ಲಿ ಬಂಡೆಯ ಮೇಲೆ ಒಂದು ಶಿಲುಬೆ. 1688ರಲ್ಲಿ ಯಾತ್ರಿಕರ ದೋಣಿ ಇಲ್ಲಿ ಮುಳುಗಿ ಎಪ್ಪತ್ತರಷ್ಟು ಜನ ಸತ್ತರಂತೆ. ಅವರು ಹೊರಟದ್ದು ಸೇಂಟ್ ಬಾರ್ಥಲೊಮೆ ಚರ್ಚಿಗೆ. ಕೆಂಪು ಗುಮ್ಮಟಗಳ ಆ ಚರ್ಚು ನೀರಿಗೆ ಚಾಚಿದ ನೆಲದ ತುದಿಯಲ್ಲಿದೆ. ಆಸ್ಟ್ರಿಯಾದ ಮರಿಯಾ ಆಲ್ಮ್ ಅನ್ನುವ ಊರಿನಿಂದ ಆಗಸ್ಟ್ ಕೊನೆಗೆ ಜನ ಬೆಟ್ಟ ದಾಟಿ ಇಲ್ಲಿಗೆ ಈಗಲೂ ನಡೆದು ಬರುತ್ತಾರೆ. ಶಿಲುಬೆ ಕಂಡಾಗ ಅಮ್ಮ ಕೈಮುಗಿದಳು. "ನಮ್ಮ ಹೊನ್ನಮ್ಮನ ಹಾಗೆ ಇಲ್ಲೂ ನೀರು ಜೀವ ತಗೊಂಡಿದೆ ನೋಡು ಮಗಾ" ಅಂದಳು.

ಹೊನ್ನಮ್ಮನ ಕೆರೆ ನಮ್ಮ ದೊಡ್ಡಮಳ್ತೆಯದ್ದು. ಕೆರೆ ತೋಡಿದರೂ ನೀರು ಬಾರದಿದ್ದಾಗ ಊರಿಗಾಗಿ ಹೊನ್ನಮ್ಮ ಕೆರೆಗೆ ಹಾರವಾದಳು ಅನ್ನುವ ಕಥೆ ಅಲ್ಲಿ ಎಲ್ಲರಿಗೂ ಗೊತ್ತು. ಗೌರಿ ಹಬ್ಬದ ದಿನ ಅವಳಿಗೆ ಬಾಗಿನ ಬಿಡುತ್ತಾರೆ. ಅಮ್ಮ ಮದುವೆಯಾದಾಗಿನಿಂದ ಆ ಬಾಗಿನ ತಪ್ಪಿಸಿಲ್ಲ.

ಚರ್ಚಿನ ಹಿಂದಿನ ಹುಲ್ಲಲ್ಲಿ ಕೂತು ರೊಟ್ಟಿ ತಿಂದೆವು. ಅಲ್ಲಿ ಕೆರೆಯ ಮೀನನ್ನು ಹೊಗೆಯಲ್ಲಿ ಬೇಯಿಸಿ ಮಾರುತ್ತಾರೆ. ಒಲೆ ಮೇಲಿನ ಅಟ್ಟದಲ್ಲಿ ಮಾಂಸ ಒಣಗಿಸುವ ನಮ್ಮವರಿಗೆ ಆ ರುಚಿ ಹೊಸದೇನಲ್ಲ. ಅಪ್ಪ ಎರಡು ಮೀನು ಮುಗಿಸಿದರು. ಊಟದ ಮೇಲೆ ಫ್ಲಾಸ್ಕ್ ಕಾಫಿ. ಹುಟ್ಟುಹಬ್ಬದ ಹಾಡು ಹಾಡಲು ಅಮ್ಮ ಬಿಡಲಿಲ್ಲ. ಅವಳಿಗೆ ಬೇಕಾದದ್ದು ಇನ್ನೊಂದಿಷ್ಟು ಕಥೆ.

ದನಗಳ ಕಥೆ ಅವಳಿಗೆ ತುಂಬ ಹಿಡಿಸಿತು. ಬೇಸಿಗೆ ಪೂರ್ತಿ ಮೇಲಿನ ಹುಲ್ಲುಗಾವಲಿನಲ್ಲಿ ಮೇಯುವ ದನಗಳನ್ನು ಚಳಿ ಶುರುವಾಗುವ ಮೊದಲು ಕೆಳಗೆ ತರುತ್ತಾರೆ. ಇಲ್ಲಿ ರಸ್ತೆ ಇಲ್ಲವಲ್ಲ, ಹಾಗಾಗಿ ಚಪ್ಪಟೆ ದೋಣಿಯಲ್ಲಿ ನಿಲ್ಲಿಸಿ ಕೆರೆ ದಾಟಿಸುತ್ತಾರೆ. ದಡ ಸೇರಿದ ಮೇಲೆ ತಲೆಗೆ ಬಣ್ಣಬಣ್ಣದ ಎತ್ತರದ ಅಲಂಕಾರ ಕಟ್ಟಿ ಮೆರವಣಿಗೆ. ಆ ವರ್ಷ ಮಂದೆಗೆ ಸಾವು ನೋವು ಬಂದಿದ್ದರೆ ಅಲಂಕಾರ ಇಲ್ಲ, ಸುಮ್ಮನೆ ಮನೆಗೆ ಹೊಡೆದುಕೊಂಡು ಹೋಗುತ್ತಾರೆ. "ದನಕ್ಕೂ ಸೂತಕ ಹಿಡೀತಾರಾ!" ಅಂತ ಅಮ್ಮ ಕಣ್ಣರಳಿಸಿದಳು. ಹಟ್ಟಿಯಲ್ಲಿ ಹಸು ಸತ್ತಾಗ ಊಟ ಬಿಟ್ಟು ಕೂತವಳು ಅವಳು. ಇಲ್ಲಿನ ಜನ ತನ್ನ ಹಾಗೇ ಅಂತ ಅವಳಿಗೆ ಅನ್ನಿಸಿದ್ದು ಆಗಲೇ ಇರಬೇಕು. ಅದರ ನಂತರ ಎದುರು ಸಿಕ್ಕವರಿಗೆಲ್ಲ ನಗುನಗುತ್ತ ತಲೆಯಾಡಿಸುತ್ತಿದ್ದಳು.

ವಾಪಸ್ ಬರುವಾಗ ಮಾತು ನಮ್ಮ ಕೊಡಗಿನ ಮಾಂದಲಪಟ್ಟಿ ಬೆಟ್ಟದ ಕಡೆ ತಿರುಗಿತು. ರಜೆ ದಿನಗಳಲ್ಲಿ ಅಲ್ಲಿ ಜೀಪುಗಳ ಸಾಲು, ಧೂಳು. 2018ರ ಆಗಸ್ಟ್‌ನಲ್ಲಿ ನಮ್ಮ ಬೆಟ್ಟಗಳು ಕುಸಿದದ್ದನ್ನು ಕಂಡವರು ನಾವು. 2020ರಲ್ಲಿ ಬ್ರಹ್ಮಗಿರಿಯೂ ಕುಸಿಯಿತು. ಜೀಪು ಓಡಿಸಿ ಬದುಕುವವರು ನಮ್ಮವರೇ, ಅವರ ಹೊಟ್ಟೆಗೆ ಹೊಡೆಯಬೇಕು ಅಂತ ನಾನು ಹೇಳುತ್ತಿಲ್ಲ. ಇಲ್ಲಿನ ದೋಣಿಯವರೂ ಪ್ರವಾಸಿಗರಿಂದಲೇ ಬದುಕುವುದು. ಇಷ್ಟೇ ಸದ್ದು, ಇಷ್ಟೇ ಗಾಡಿ ಅಂತ ಒಂದು ಮಿತಿ ಹಾಕಿಕೊಂಡರೆ ದುಡಿಮೆಯೂ ಉಳಿಯುತ್ತದೆ, ಜಾಗವೂ ಉಳಿಯುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಊರಿಂದ ಯಾರಾದರೂ ಈ ಕಡೆ ಬಂದರೆ ಬೆಳಗ್ಗೆ ಬೇಗ ಹೋಗಿ, ಆಮೇಲೆ ಸಾಲು ಉದ್ದ. ಚಳಿಗಾಲದಲ್ಲಿ ದೋಣಿ ಚರ್ಚಿನ ತನಕ ಮಾತ್ರ. ಬೇರೆ ತಿಂಗಳಾದರೆ ಕೊನೆಯ ತನಕ ಹೋಗಿ ಸ್ವಲ್ಪ ನಡೆದರೆ ಓಬರ್‌ಸೀ ಅನ್ನುವ ಇನ್ನೊಂದು ಚಿಕ್ಕ ಕೆರೆ ಸಿಗುತ್ತದೆ. ಸ್ವೆಟರ್ ಮರೆಯಬೇಡಿ.

ಅಪ್ಪ, ಅಮ್ಮ ಈಗ ಊರು ಸೇರಿದ್ದಾರೆ. ಬಾಗಿನದ ಜತೆ ಪ್ಲಾಸ್ಟಿಕ್ ಕವರು ನೀರಿಗೆ ಹೋಗಬಾರದು, ಮೊರ ಒಂದು ಸಾಕು ಅಂತ ಅಮ್ಮ ಅಕ್ಕಪಕ್ಕದ ಮನೆಯವರ ಹತ್ತಿರ ಮಾತಾಡಲು ಶುರು ಮಾಡಿದ್ದಾಳೆ. ಇಬ್ಬರು ಒಪ್ಪಿದ್ದಾರಂತೆ. ಉಳಿದವರನ್ನು ಗೌರಿ ಹಬ್ಬದೊಳಗೆ ಒಪ್ಪಿಸುತ್ತೇನೆ ಅಂದಿದ್ದಾಳೆ.