ನೀಸ್‌ಗೆ ಹೋಗ್ತೀರಾ? ನೀರಲ್ಲಿ ಹಾಕುವ ಚಪ್ಪಲಿ ಮರೀಬೇಡಿ

ದಕ್ಷಿಣ ಫ್ರಾನ್ಸಿನ ನೀಸ್‌ಗೆ ಹೊರಟವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಅಲ್ಲಿನ ಕಡಲತೀರದಲ್ಲಿ ಮರಳಿಲ್ಲ. ಉದ್ದಕ್ಕೂ ನುಣ್ಣಗಿನ ಬೂದು ಬಣ್ಣದ ಕಲ್ಲುಗಳು, ಬಿಸಿಲಿಗೆ ಕಾದಿರುತ್ತವೆ. ಬರಿಗಾಲಲ್ಲಿ ನಡೆಯೋದು ಕಷ್ಟ. ನೀರು ಬೇಗ ಆಳವಾಗುತ್ತದೆ, ಮಕ್ಕಳಿದ್ದರೆ ಕೈ ಬಿಡಬೇಡಿ. ದುಡ್ಡು ಕೊಟ್ಟು ಕುರ್ಚಿ, ಛತ್ರಿ ಪಡೆಯುವ ಜಾಗಗಳ ಪಕ್ಕದಲ್ಲೇ ಎಲ್ಲರಿಗೂ ಬಿಟ್ಟಿರುವ ತೀರವೂ ಇದೆ, ಅದು ಪುಕ್ಕಟೆ.

ನಾವು ಹೋಗಿದ್ದು ಸೆಪ್ಟೆಂಬರ್‌ನಲ್ಲಿ, ಅಮ್ಮನ ಜೊತೆ. ಬಿಸಿಲು ಹಿತವಾಗಿತ್ತು, ಸಮುದ್ರದ ನೀರು ಬೆಚ್ಚಗಿತ್ತು. ಜುಲೈ, ಆಗಸ್ಟ್‌ನಲ್ಲಿ ಜನ ಜಾಸ್ತಿ. ಮೇ ತಿಂಗಳಲ್ಲಿ ಪಕ್ಕದ ಕಾನ್‌ನಲ್ಲಿ ಚಿತ್ರೋತ್ಸವ, ಆಮೇಲೆ ಮೊನಾಕೊದಲ್ಲಿ ಕಾರ್ ರೇಸ್. ಆಗ ಹೋಟೆಲ್ ಬಾಡಿಗೆ ಏರಿಬಿಡುತ್ತದೆ. ವಿಮಾನ ನಿಲ್ದಾಣದಿಂದ ಊರೊಳಗೆ ಟ್ರಾಮ್ ಇದೆ, ಟ್ಯಾಕ್ಸಿ ಬೇಕಾಗಿಲ್ಲ. ಹತ್ತಿದ ಕೂಡಲೇ ಟಿಕೆಟನ್ನು ಯಂತ್ರಕ್ಕೆ ತೋರಿಸಿ, ಇಲ್ಲದಿದ್ದರೆ ದಂಡ ಬೀಳುತ್ತದೆ.

ಸಸ್ಯಾಹಾರಿಗಳಿಗೆ ಊಟದ ವಿಷಯ ಬಿಡಿಸಿ ಹೇಳಲೇಬೇಕು. ನೀಸಿನ ಹೆಸರಾಂತ ಸಲಾಡ್‌ನಲ್ಲಿ ಸಾಮಾನ್ಯವಾಗಿ ಮೀನಿರುತ್ತದೆ. ಪಾನ್ ಬಾನ್ಯಾ ಅನ್ನುವ ದುಂಡನೆಯ ಬ್ರೆಡ್ಡಿನೊಳಗೂ ಮೀನು, ಈರುಳ್ಳಿ ಹರಡಿದ ಪಿಸಲಾದಿಯೇರ್ ಮೇಲೂ ಪುಟ್ಟ ಮೀನು. ನೋಡೋಕೆ ತರಕಾರಿ ತಿಂಡಿ ಥರಾನೇ ಕಾಣುತ್ತವೆ, ಕೇಳಿಯೇ ತಗೊಳ್ಳಿ. ಆದರೆ ಸೊಕ್ಕಾ ಇದೆಯಲ್ಲ, ಅದು ನಮಗೆಂದೇ ಮಾಡಿದ ಹಾಗಿದೆ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಅಗಲವಾದ ತಾಮ್ರದ ತಟ್ಟೆಗೆ ತೆಳ್ಳಗೆ ಹುಯ್ದು ಸೌದೆ ಒಲೆಯೊಳಗೆ ತಳ್ಳುತ್ತಾರೆ. ಅಂಚು ಕಪ್ಪಗೆ ಗರಿಯಾಗುತ್ತದೆ, ನಡುವೆ ಮೆತ್ತಗೆ ಉಳಿಯುತ್ತದೆ. ಹೊರತೆಗೆದು ಚೂರು ಚೂರಾಗಿ ಕೆರೆದು, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ಬಿಸಿಬಿಸಿ ಇರುವಾಗಲೇ ಕೈಯಲ್ಲಿ ತಿನ್ನಬೇಕು. ಅಮ್ಮ ಒಂದು ತಟ್ಟೆ ಮುಗಿಸಿ ಇನ್ನೊಂದು ಹೇಳಿದರು.

ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ 12ರಿಂದ 2ರವರೆಗೆ. ಆಮೇಲೆ ಬಹಳಷ್ಟು ಕಡೆ ಅಡುಗೆಮನೆ ಮುಚ್ಚಿ, ಮತ್ತೆ ತೆರೆಯೋದು ಸಂಜೆ 7ಕ್ಕೆ. ಕುಡಿಯೋಕೆ ‘ಕರಾಫ್ ದೋ’ ಅಂತ ಕೇಳಿದರೆ ನಲ್ಲಿ ನೀರು ಪುಕ್ಕಟೆ ಕೊಡುತ್ತಾರೆ. ಬರೀ ನೀರು ಅಂದರೆ ಬಾಟಲಿ ತಂದು ಬಿಲ್ಲಿಗೆ ಸೇರಿಸಬಹುದು. ಯಾವ ಅಂಗಡಿಗೆ ಹೋದರೂ ಮೊದಲು ‘ಬೊಂಜೂರ್’ ಅನ್ನಿ. ಅದನ್ನು ಹೇಳದೆ ನೇರವಾಗಿ ಬೆಲೆ ಕೇಳಿದರೆ ಅಲ್ಲಿನವರಿಗೆ ಬೇಜಾರಾಗುತ್ತದೆ. ಹೇಳಿದ ಮೇಲೆ ಮುಖವೇ ಅರಳುತ್ತದೆ.

ಹಳೆ ಊರಿನ ಕೂರ್ ಸಲೇಯಾ ಸಂತೆಗೆ ಬೆಳಿಗ್ಗೆಯೇ ಹೋಗಿ. ಹೂವು, ತರಕಾರಿ, ಹಣ್ಣು ಎಲ್ಲ ಸಿಗುತ್ತದೆ. ಸೋಮವಾರ ಮಾತ್ರ ಅಲ್ಲಿ ಹಳೇ ಸಾಮಾನಿನ ವ್ಯಾಪಾರ. ಚಿತ್ರಕಲಾವಿದರಾದ ಮತೀಸ್, ಶಗಾಲ್ ಅವರ ಮ್ಯೂಸಿಯಂ ನೋಡುವವರು ಮಂಗಳವಾರ ಬಿಟ್ಟು ಹೋಗಿ, ಅವತ್ತು ಎರಡಕ್ಕೂ ರಜೆ. ಪಕ್ಕದ ಗುಡ್ಡಕ್ಕೆ ಕೋಟೆಗುಡ್ಡ ಅಂತಲೇ ಹೆಸರು. ಆದರೆ ಕೋಟೆಯನ್ನು ಫ್ರಾನ್ಸಿನ ದೊರೆ 14ನೇ ಲೂಯಿ 1706ರಲ್ಲಿ ಕೆಡವಿಸಿದ. ಈಗಿರುವುದು ಮರಗಳು, ಒಂದು ಜಲಪಾತ, ಮತ್ತು ಇಡೀ ಕೊಲ್ಲಿಯ ನೋಟ. ಮೆಟ್ಟಿಲು ಜಾಸ್ತಿ. ಮಂಡಿ ನೋವಿದ್ದವರಿಗೆ ಕೆಳಗಿಂದಲೇ ಪುಕ್ಕಟೆ ಲಿಫ್ಟ್ ಇದೆ, ಅಮ್ಮ ಅದರಲ್ಲೇ ಬಂದರು. ಮಧ್ಯಾಹ್ನ 12ಕ್ಕೆ ಸರಿಯಾಗಿ ಗುಡ್ಡದ ಮೇಲಿಂದ ಢಂ ಅಂತ ಸದ್ದು ಬರುತ್ತದೆ. ಗಾಬರಿ ಬೇಡ, ಹನ್ನೆರಡಾಯಿತು ಅಂತ ತಿಳಿಸೋಕೆ ದಿನಾ ಸಿಡಿಮದ್ದು ಹಾರಿಸುತ್ತಾರೆ.

ಒಂದೇ ದಿನದಲ್ಲಿ ಕಾನ್, ಮೊನಾಕೊ ಎಲ್ಲ ಮುಗಿಸುವ ಪ್ಯಾಕೇಜ್ ಬೇಡವೇ ಬೇಡ. ನೀಸ್‌ನಲ್ಲೇ ಉಳಿದು, ದಿನಕ್ಕೊಂದು ಊರಿಗೆ ಲೋಕಲ್ ರೈಲಿನಲ್ಲಿ ಹೋಗಿ ಬನ್ನಿ. ಮೊನಾಕೊ ಕಡೆ ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆಗೇ. ಕೆಲವೇ ನಿಮಿಷದಲ್ಲಿ ವಿಲ್‌ಫ್ರಾಂಶ್ ಬರುತ್ತದೆ. ನಿಲ್ದಾಣದ ಕೆಳಗೇ ತೀರ, ಅಲೆಯೂ ಶಾಂತ. ಮಕ್ಕಳನ್ನು ನೀರಿಗೆ ಬಿಡೋದಾದರೆ ನೀಸ್‌ಗಿಂತ ಇಲ್ಲೇ ವಾಸಿ.