ಅರಸನಿಲ್ಲದ ನಾಡಿನ ಕಾನೂನು

ಕ್ರಿ.ಶ. 930ರ ಸುಮಾರಿಗೆ ಐಸ್‌ಲ್ಯಾಂಡಿನ ವಲಸಿಗರು ಥಿಂಗ್‌ವೆಲ್ಲಿರ್ ಬಯಲಿನಲ್ಲಿ ಆಲ್‌ಥಿಂಗ್ ಎಂಬ ಮಹಾಸಭೆಯನ್ನು ಸ್ಥಾಪಿಸಿದಾಗ ಆ ನಾಡಿಗೆ ಅರಸನಾಗಲಿ ಸೈನ್ಯವಾಗಲಿ ಇರಲಿಲ್ಲ. ಕಾನೂನು ಮಾತ್ರ ಇತ್ತು, ಅದೂ ಬಾಯಿಪಾಠದಲ್ಲಿ. ಮೂರು ವರ್ಷಗಳ ಅವಧಿಗೆ ಆಯ್ಕೆಯಾಗುತ್ತಿದ್ದ ‘ಕಾನೂನು ಹೇಳುವವ’ ಪ್ರತಿ ಬೇಸಿಗೆಯಲ್ಲೂ ಕಾನೂನಿನ ಬಂಡೆಯ ಮೇಲೆ ನಿಂತು, ಅದರ ಮೂರನೆಯ ಒಂದು ಭಾಗವನ್ನು ನೆರೆದವರಿಗೆ ಒಪ್ಪಿಸುತ್ತಿದ್ದ. ಅದನ್ನು ಬರಹಕ್ಕಿಳಿಸುವ ಕೆಲಸ ಶುರುವಾದದ್ದು 1117ರ ಚಳಿಗಾಲದಲ್ಲಿ.

ನ್ಯಾಯಾಲಯ ತೀರ್ಪು ಕೊಡುತ್ತಿತ್ತು, ಆದರೆ ಜಾರಿಗೊಳಿಸುವ ಹೊಣೆ ಗೆದ್ದವನದೇ. ಪೂರ್ಣ ಬಹಿಷ್ಕಾರಕ್ಕೆ ಒಳಗಾದವನನ್ನು ಯಾರು ಕೊಂದರೂ ಅಪರಾಧವಲ್ಲ, ಅವನಿಗೆ ಅನ್ನ ನೀಡಿದರೆ ಮಾತ್ರ ಅಪರಾಧ. ಬಲವಿಲ್ಲದ ರೈತ ಗೋಡಿ ಎಂಬ ಮುಖಂಡನ ಆಸರೆ ಪಡೆಯಬೇಕಿತ್ತು. ಆ ಗೋಡಿ ಸರಿಕಾಣದಿದ್ದರೆ ಬೇರೊಬ್ಬನ ಪಕ್ಷ ಸೇರುವ ಹಕ್ಕು ಅವನಿಗಿತ್ತು. ಇಡೀ ವ್ಯವಸ್ಥೆಯ ಜೀವಾಳ ಈ ಹಕ್ಕಿನಲ್ಲೇ ಇತ್ತೆಂದು ನಾನು ಬಲವಾಗಿ ನಂಬುತ್ತೇನೆ.

ಇದರ ಅತಿ ಕಠಿಣ ಪರೀಕ್ಷೆ ನಡೆದದ್ದು ಕ್ರಿ.ಶ. 1000ರ ಸುಮಾರಿಗೆ. ಕ್ರೈಸ್ತರೂ ಹಳೆಯ ದೇವರುಗಳ ಆರಾಧಕರೂ ಪರಸ್ಪರರ ಕಾನೂನಿಗೆ ತಾವು ಒಳಪಟ್ಟವರಲ್ಲವೆಂದು ಸಭೆಯಲ್ಲೇ ಸಾರಿದರು. ಕೊನೆಗೆ ನಿರ್ಣಯ ಕಾನೂನು ಹೇಳುವವನಾಗಿದ್ದ ಥೋರ್ಗೈರನ ಪಾಲಿಗೆ ಬಂತು. ಸ್ವತಃ ಹಳೆಯ ಧರ್ಮದವನಾದ ಆತ ಮೇಲುಹೊದಿಕೆಯೊಳಗೆ ಮುಖ ಮುಚ್ಚಿಕೊಂಡು ಒಂದು ಹಗಲು, ಒಂದು ರಾತ್ರಿ ಯಾರೊಡನೆಯೂ ಮಾತನಾಡದೆ ಮಲಗಿದ್ದನಂತೆ. ಮರುದಿನ ಎದ್ದು ಬಂದವನು, ಕಾನೂನು ಹರಿದರೆ ಶಾಂತಿಯೂ ಹರಿಯುತ್ತದೆಂದು ಎಚ್ಚರಿಸಿ, ಎಲ್ಲರೂ ದೀಕ್ಷಾಸ್ನಾನ ಪಡೆಯಬೇಕೆಂದೂ, ಆದರೆ ಕುದುರೆ ಮಾಂಸ ತಿನ್ನುವುದಕ್ಕೂ ಗುಟ್ಟಾಗಿ ಬಲಿ ಕೊಡುವುದಕ್ಕೂ ಅಡ್ಡಿಯಿಲ್ಲವೆಂದೂ ತೀರ್ಪಿತ್ತ. ಹಸುಗೂಸುಗಳನ್ನು ಸಾಯಲು ಬಿಡುವ ಹಳೆಯ ರೂಢಿಗೂ ಅದೇ ತೀರ್ಪು ಅವಕಾಶ ಉಳಿಸಿತೆಂಬುದನ್ನು ಓದುವಾಗ ಇಂದಿಗೂ ಸಂಕಟವಾಗುತ್ತದೆ. ಆದರೂ ಅಂತರ್ಯುದ್ಧ ತಪ್ಪಿತು.

ಹದಿಮೂರನೆಯ ಶತಮಾನದ ಹೊತ್ತಿಗೆ ಗೋಡಿ ಪದವಿಗಳು ಬೆರಳೆಣಿಕೆಯ ಮನೆತನಗಳ ಕೈಸೇರಿದ್ದವು. ರೈತನಿಗೆ ಪಕ್ಷ ಬದಲಿಸುವ ಹಕ್ಕು ಇದ್ದರೂ ಹೋಗಲು ಮತ್ತೊಬ್ಬ ಗೋಡಿಯೇ ಹತ್ತಿರದಲ್ಲಿ ಇರಲಿಲ್ಲ. ನಾರ್ವೆಯ ದೊರೆ ಹಾಕೋನ್ ಈ ಮನೆತನಗಳ ಹಗೆತನವನ್ನು ಚೆನ್ನಾಗಿ ಬಳಸಿಕೊಂಡ. ಎರಡು ಬಾರಿ ಕಾನೂನು ಹೇಳುವವನಾಗಿದ್ದ ಸ್ನೋರಿ ಸ್ಟುರ್ಲುಸನ್‌ನನ್ನು 1241ರಲ್ಲಿ ರೇಕ್‌ಹೋಲ್ಟಿನ ಆತನ ಸ್ವಂತ ಮನೆಯ ನೆಲಮಾಳಿಗೆಯಲ್ಲೇ ಕೊಂದವರು, ಹಿಂದೊಮ್ಮೆ ಆತನ ಅಳಿಯನಾಗಿದ್ದ ಗಿಸ್ಸುರನ ಕಡೆಯವರು. ದೊರೆಯ ಪರವಾಗಿ ನಡೆದ ಆ ಕೊಲೆಯ ಬಳಿಕವೂ ಕಾದಾಟ ನಿಲ್ಲಲಿಲ್ಲ. ಇಪ್ಪತ್ತೊಂದು ವರ್ಷಗಳ ನಂತರ, 1262ರಲ್ಲಿ, ಐಸ್‌ಲ್ಯಾಂಡಿನವರು ಅದೇ ಆಲ್‌ಥಿಂಗಿನಲ್ಲಿ ನಾರ್ವೆಯ ದೊರೆಗೆ ತೆರಿಗೆ ಕೊಡಲು ಒಪ್ಪಿಕೊಂಡರು.