ಡಿಕ್ಲರೇಷನ್ ಬರೆಯುವ ಮೊದಲು ಬಾಡಿಗೆದಾರರನ್ನು ಕೇಳಿ

ಮಂಗಳೂರಿನಲ್ಲಿ ಆಸ್ತಿ ದಸ್ತಾವೇಜು ನೋಡಿಕೊಳ್ಳುವ ವಕೀಲರೊಬ್ಬರ ಕಚೇರಿಯಲ್ಲಿ ನನ್ನ ಕೆಲಸ. ಒಂದೇ ಬಗೆಯ ಫೈಲು ಈಚೆಗೆ ಮತ್ತೆ ಮತ್ತೆ ಮೇಜಿಗೆ ಬರುತ್ತಿದೆ. ಬಿಜೈ, ಕದ್ರಿ, ಬೆಂದೂರು, ಅತ್ತಾವರ ಕಡೆ ತೊಂಬತ್ತರ ದಶಕದಲ್ಲಿ ಯಾರೋ ತಮ್ಮ ಕಂಪೌಂಡಿನೊಳಗೇ ಬಾಡಿಗೆಗೆಂದು ಎರಡು ಮೂರು ಮಾಳಿಗೆ ಕಟ್ಟಿಸಿರುತ್ತಾರೆ. ಕಟ್ಟಿಸಿದವರು ಈಗಿಲ್ಲ, ಇದ್ದರೂ ವಯಸ್ಸಾಗಿದೆ. ಮಕ್ಕಳು ದುಬೈಯಲ್ಲೋ ಅಮೆರಿಕದಲ್ಲೋ ಇದ್ದಾರೆ. ಇಡೀ ಕಟ್ಟಡಕ್ಕೆ ಗಿರಾಕಿ ಸಿಗುವುದು ಕಷ್ಟ, ಒಂದೊಂದೇ ಮನೆಯನ್ನು ಫ್ಲ್ಯಾಟ್ ಮಾಡಿ ಮಾರಿದರೆ ತೆಗೆದುಕೊಳ್ಳುವವರಿದ್ದಾರೆ. "ಬೇರೆ ಬೇರೆ ಮಾಡಿ ಕೊಡಿ" ಎಂದು ನಮ್ಮಲ್ಲಿಗೆ ಬರುತ್ತಾರೆ.

ಅದಕ್ಕೆ ಕಾನೂನಿನ ದಾರಿ ಇದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಡಿಕ್ಲರೇಷನ್, ಅಂದರೆ ಘೋಷಣಾಪತ್ರ ಬರೆದು, ಮಾಲೀಕರೆಲ್ಲ ಸಹಿ ಮಾಡಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಪ್ರತಿ ಮನೆಗೆ ಜಾಗದಲ್ಲಿ ಎಷ್ಟು ಶೇಕಡಾ ಅವಿಭಾಜ್ಯ ಹಕ್ಕು ಎಂಬುದು ಅದರಲ್ಲಿ ಬರುತ್ತದೆ. ಒಮ್ಮೆ ಬರೆದ ಶೇಕಡಾವನ್ನು ಎಲ್ಲ ಫ್ಲ್ಯಾಟ್ ಮಾಲೀಕರೂ ಒಪ್ಪದೆ ಬದಲಿಸಲಾಗದು. ಅಣ್ಣತಮ್ಮಂದಿರಲ್ಲಿ ಒಬ್ಬರು ಪರದೇಶದಲ್ಲಿದ್ದರೆ ಅಲ್ಲಿಂದ ಪವರ್ ಆಫ್ ಅಟಾರ್ನಿ ತರಿಸಬೇಕು. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಕಟ್ಟಡದ ಮೇಲೆ ಬ್ಯಾಂಕಿನ ಸಾಲವಿದ್ದರೆ ಫ್ಲ್ಯಾಟಿನ ಮೊದಲ ಮಾರಾಟದ ಹೊತ್ತಿಗೆ ಆ ಫ್ಲ್ಯಾಟ್ ಸಾಲದಿಂದ ಬಿಡುಗಡೆ ಆಗಿರಬೇಕು. ಇ-ಖಾತೆ, ಅಂದರೆ ಆಸ್ತಿಯ ಡಿಜಿಟಲ್ ಖಾತೆ, ಇಲ್ಲದೆ ನೋಂದಣಿಯ ಮಾತೇ ಇಲ್ಲ.

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಹೊಸ ಕಟ್ಟಡಕ್ಕೆ ಮಾತ್ರ ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಹಳೆಯ ಕಟ್ಟಡವನ್ನು ಮಾರಾಟಕ್ಕೆಂದು ಅಪಾರ್ಟ್‌ಮೆಂಟುಗಳಾಗಿ ಪರಿವರ್ತಿಸುವವರೂ 2016ರ ಆ ಕಾಯ್ದೆಯ ವ್ಯಾಖ್ಯಾನದಲ್ಲಿ ಕಟ್ಟಿ ಮಾರುವವರಂತೆ ಪ್ರಮೋಟರೇ. ಜಾಗ 500 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹನ್ನೆರಡು ಸೆಂಟ್ಸ್ ಚಿಲ್ಲರೆ, ಮೀರದಿದ್ದರೆ ಅಥವಾ ಮನೆಗಳು ಎಂಟಕ್ಕಿಂತ ಹೆಚ್ಚಿಲ್ಲದಿದ್ದರೆ ರೇರಾ ನೋಂದಣಿಯಿಂದ ವಿನಾಯಿತಿ ಇದೆ.

ಇಷ್ಟನ್ನು ಯಾವ ವಕೀಲರೂ ಹೇಳಿಯಾರು. ನಾನು ಹೇಳಬೇಕೆಂದಿರುವುದು ಬಿಜೈ ಕಡೆಯ ಎಂಟು ಮನೆಗಳ ಒಂದು ಕಟ್ಟಡದಲ್ಲಿ ಕಲಿತದ್ದನ್ನು.

ಓನರ್ ಮಾರಾಟದ ನಿರ್ಧಾರ ಮಾಡಿದಾಗ ಕ್ಯಾಲಿಫೋರ್ನಿಯಾದಲ್ಲಿರುವ ಅವರ ಮಗಳು ಫೋನಿನಲ್ಲಿ ಮೊದಲು ಕೇಳಿದ್ದು, "ಬಾಡಿಗೆಯವರಿಗೆ ಎಷ್ಟು ತಿಂಗಳ ನೋಟಿಸ್ ಕೊಡಬೇಕು?" ಎಂದು. ಅವರಿರುವ ರಾಜ್ಯದಲ್ಲಿ ಬಾಡಿಗೆ ಕಟ್ಟಡವನ್ನು ಹೀಗೆ ಬಿಡಿ ಒಡೆತನಕ್ಕೆ ತರುವುದಾದರೆ, ಆ ಕಾರಣಕ್ಕೆ ಬಾಡಿಗೆದಾರರನ್ನು ಬಿಡಿಸುವ 180 ದಿನ ಮೊದಲು ನೋಟಿಸ್ ಕೊಡಬೇಕು. ತಾವಿರುವ ಮನೆಯನ್ನು ತಾವೇ ಕೊಳ್ಳಲು ಅವರಿಗೆ ಕನಿಷ್ಠ 90 ದಿನ ಮೊದಲ ಅವಕಾಶ ಇರಬೇಕು. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಂತೂ ಆರಕ್ಕಿಂತ ಹೆಚ್ಚು ಮನೆಗಳಿರುವ ಬಾಡಿಗೆ ಕಟ್ಟಡವನ್ನು ಹಾಗೆ ಬದಲಾಯಿಸಲು ಬಿಡುವುದೇ ಇಲ್ಲ.

ನಮ್ಮ 1972ರ ಕಾಯ್ದೆಯಲ್ಲಿ ಬಾಡಿಗೆದಾರರಿಗೆ ಇಂಥ ನೋಟಿಸೂ ಇಲ್ಲ, ಮೊದಲ ಅವಕಾಶವೂ ಇಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಾದರೂ ಪಟ್ಟಿಯಲ್ಲಿರುವ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ಬಾಡಿಗೆ ದಾಟಿದ ಮನೆಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. ಮಂಗಳೂರಿನಲ್ಲಿ ಇವತ್ತು ಆ ಬಾಡಿಗೆಗೆ ಎಂಥ ಮನೆ ಸಿಗುತ್ತದೆ? ಕೊನೆಗೆ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ: ತಿಂಗಳ ಬಾಡಿಗೆಯವರಿಗೆ ಹದಿನೈದು ದಿನದ ನೋಟಿಸ್. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದವರಿಗೂ ಅಷ್ಟೇ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಕಾನೂನು ಸುಮ್ಮನಿರುವ ಕಡೆ ಕರಾರು ಬರೆಯುವವರು ಸುಮ್ಮನಿರಬೇಕಾಗಿಲ್ಲ.

ಓನರ್ ಒಳ್ಳೆಯವರು, ಇಲ್ಲಿನ ಬಾಡಿಗೆಯವರಿಗೂ ಹಾಗೆಯೇ ನೋಟಿಸ್, ಮೊದಲ ಅವಕಾಶ ಕೊಡೋಣ ಎಂಬ ಮಗಳ ಮಾತಿಗೆ ಒಪ್ಪಿದರು. ಹಾಗೆ ನೋಟಿಸ್ ಹಿಡಿದು, ಡಿಕ್ಲರೇಷನ್‌ಗೆ ಇನ್ನೂ ಕೈ ಹಾಕುವ ಮೊದಲೇ, ನಾನು ಎಂಟೂ ಮನೆಗಳಿಗೆ ಹೋದೆ. ಕೆಳಗಿನ ಮನೆಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದರು. ವರಾಂಡದ ಗೋಡೆಯ ಮೇಲೆ ಕೀ ಹಾಕಿದ ಒಂದು ಸ್ವಿಚ್ ಬಾಕ್ಸ್ ಕಂಡಿತು. ಇದೇನು ಟೀಚರ್ ಎಂದು ಕೇಳಿದೆ.

"ಬಾವಿಯ ಪಂಪ್ ಮಾರಾಯ್ರೇ. ಎಪ್ರಿಲ್ ಮೇಯಲ್ಲಿ ಕಾರ್ಪೊರೇಷನ್ ನೀರು ಕಡಿಮೆ ಆಗ್ತದಲ್ಲ, ಆಗ ಬೆಳಿಗ್ಗೆ ನಾನೇ ಹಾಕುವುದು. ಕರೆಂಟ್ ನನ್ನ ಮೀಟರಿನದ್ದು. ಅದಕ್ಕೆ ಓನರ್ ಬಾಡಿಗೆಯಲ್ಲಿ ಸ್ವಲ್ಪ ಕಮ್ಮಿ ತಗೊಳ್ತಾರೆ."

ನಮಗೆ ಕೊಟ್ಟ ಪ್ಲ್ಯಾನಿನಲ್ಲಿ ಬಾವಿ ಒಂದು ವೃತ್ತ ಅಷ್ಟೇ. ಪಂಪಿನ ತಂತಿ ಯಾರ ಮೀಟರಿಗೆ ಹೋಗುತ್ತದೆ ಎಂದು ಯಾವ ಕಾಗದದಲ್ಲೂ ಇರಲಿಲ್ಲ. ಓನರಿಗೂ ಅದು ಹೇಳಬೇಕಾದ ಸಂಗತಿ ಅನ್ನಿಸಿರಲಿಲ್ಲ. ಆ ಮನೆಯನ್ನು ಹೊರಗಿನವರು ಯಾರಾದರೂ ಕೊಂಡಿದ್ದರೆ? ಬೇಸಿಗೆ ಬಂದಾಗ ಏಳು ಮನೆಯವರ ನೀರು ಒಬ್ಬರ ವರಾಂಡದ ಬೀಗದ ಹಿಂದೆ ಇರುತ್ತಿತ್ತು. ಕರೆಂಟ್ ಬಿಲ್ಲಿನ ಜಗಳ ಬೇರೆ. ವಿದ್ಯುತ್ ಕಂಪನಿ ಮೆಸ್ಕಾಂನಿಂದ ಸಾಮಾನ್ಯ ಬಳಕೆಗೆ ಬೇರೆ ಮೀಟರ್ ಹಾಕಿಸಿ, ಸ್ವಿಚ್ ಬಾಕ್ಸನ್ನು ಮೆಟ್ಟಿಲಿನ ಅಡಿಗೆ ತಂದ ಮೇಲೆಯೇ ಡಿಕ್ಲರೇಷನ್‌ನಲ್ಲಿ ಬಾವಿ, ಪಂಪು, ಪೈಪು ಮೂರನ್ನೂ ಸಾಮಾನ್ಯ ಸೌಲಭ್ಯ ಎಂದು ಬರೆದೆವು.

ಒಬ್ಬರೇ ಮಾಲೀಕರಿದ್ದಾಗ ಬಾಯಿಮಾತಿನಲ್ಲಿ ಸರಾಗ ನಡೆಯುವುದೆಲ್ಲ ಮಾಲೀಕರು ಎಂಟು ಮಂದಿ ಆದಾಗ ಅಕ್ಷರಕ್ಕೆ ಬರಬೇಕು. ಆ ಬಾಯಿಮಾತು ಗೊತ್ತಿರುವುದು ಅಲ್ಲಿ ವಾಸ ಇರುವವರಿಗೆ.

ಮಾಳಿಗೆ ಮೇಲಿನ ಶೀಟಿನ ಮಾಡಿನ ವಿಷಯವೂ ಹಾಗೆಯೇ ತಿಳಿದದ್ದು. ನಮ್ಮೂರಿನ ಮಳೆಗೆ ತಾರಸಿಯ ಮೇಲೆ ಶೀಟ್ ಹಾಕದವರಿಲ್ಲ, ಜೂನ್ ಜುಲೈಯಲ್ಲಿ ಬಟ್ಟೆ ಒಣಗುವುದೇ ಅದರ ಅಡಿಯಲ್ಲಿ. ಅಲ್ಲೇ ಮೂಲೆಯಲ್ಲಿ ಒಂದು ಕೋಣೆ ಎಬ್ಬಿಸಿದ್ದರು. ಕಾರ್ಪೊರೇಷನ್ ಮಂಜೂರು ಮಾಡಿದ ಪ್ಲ್ಯಾನಿನಲ್ಲಿ ಆ ಕೋಣೆ ಇರಲಿಲ್ಲ. ಡಿಕ್ಲರೇಷನ್ ಜೊತೆ ಕೊಡುವ ಮಹಡಿ ನಕ್ಷೆಗೆ ಆರ್ಕಿಟೆಕ್ಟ್ ದೃಢೀಕರಣ ಬೇಕು, ಇದ್ದದ್ದನ್ನು ಇಲ್ಲ ಎಂದು ಅವರು ಬರೆದುಕೊಡುವುದಿಲ್ಲ. ಕೋಣೆ ತೆಗೆಸಬೇಕಾಯಿತು. ತಾರಸಿಯನ್ನು ಮಗನ ಹೆಸರಿಗೆ ಇಟ್ಟುಕೊಳ್ಳುವ ಆಸೆ ಓನರಿಗಿತ್ತು. ಡಿಕ್ಲರೇಷನ್‌ನಲ್ಲಿ ಬೇರೆ ರೀತಿ ಹೇಳದಿದ್ದರೆ ಮಾಡು, ಮೆಟ್ಟಿಲು, ಅಂಗಳ, ಪಾರ್ಕಿಂಗ್ ಎಲ್ಲವೂ ಕಾಯ್ದೆಯ ಪ್ರಕಾರ ಸಾಮಾನ್ಯ ಜಾಗ. ಮೇಲಿನ ಮನೆಯವರು ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸಬೇಕು ಎಂದು ಕೇಳಿದ ಮೇಲೆ ಓನರೇ ಆ ಆಸೆ ಬಿಟ್ಟರು. ಅಂಗಳದ ತೆಂಗಿನಮರಗಳ ಕಾಯಿ ಫ್ಲ್ಯಾಟ್ ಮಾಲೀಕರ ಅಸೋಸಿಯೇಷನ್‌ಗೆ ಎಂದು ಅದರ ನಿಯಮಾವಳಿಯಾದ ಬೈಲಾದಲ್ಲಿ ಒಂದು ಸಾಲು ಸೇರಿಸಿದೆವು. ಕ್ಷುಲ್ಲಕ ಅನ್ನಿಸಬಹುದು, ತೆಂಗಿನಕಾಯಿಯ ಈಗಿನ ರೇಟು ನೋಡಿದವರಿಗೆ ಅನ್ನಿಸಲಿಕ್ಕಿಲ್ಲ.

ಬಾಡಿಗೆದಾರರ ಜೊತೆ ಓನರ್ ಮಾಡಿಕೊಂಡ ಕರಾರಿನಲ್ಲಿ ಆರು ತಿಂಗಳ ನೋಟಿಸ್, ಮೂರು ತಿಂಗಳ ಮೊದಲ ಖರೀದಿಯ ಅವಕಾಶ, ಬಿಡುವ ದಿನವೇ ಅಡ್ವಾನ್ಸ್ ವಾಪಸ್ ಎಂದು ಬರೆದೆವು. ಮೂರು ಕುಟುಂಬ ತಾವಿದ್ದ ಮನೆಯನ್ನೇ ಕೊಂಡರು, ನಾಲ್ಕು ಕುಟುಂಬ ಬೇರೆ ಕಡೆ ಹೋದರು. ಟೀಚರಿಗೆ ಕೊಳ್ಳುವ ಶಕ್ತಿ ಇರಲಿಲ್ಲ, ಬಿಟ್ಟು ಹೋಗುವ ಮನಸ್ಸೂ ಇರಲಿಲ್ಲ. ಮನೆ ಮಾರಿದ ಮಾತ್ರಕ್ಕೆ ಬಾಡಿಗೆ ಮುರಿದು ಬೀಳುವುದಿಲ್ಲ, ಕೊಂಡವರು ಹಳೆಯ ಮಾಲೀಕರ ಜಾಗದಲ್ಲಿ ನಿಲ್ಲುತ್ತಾರೆ. ಆದರೆ ಅವರೂ ಹದಿನೈದು ದಿನದ ನೋಟಿಸ್ ಕೊಡಬಹುದಲ್ಲ? ಹಾಗಾಗಿ ಕೂಡಲೇ ವಾಸಕ್ಕೆ ಬಾರದ, ಬಾಡಿಗೆ ಬರಲಿ ಎನ್ನುವ ಖರೀದಿದಾರರಿಗೆ ಆ ಮನೆ ಹೋಗುವಂತೆ ನೋಡಿಕೊಂಡು, ಮೂರು ವರ್ಷದ ಲೀಸ್ ಬರೆದೆವು. ಒಂದು ವರ್ಷ ಮೀರಿದ ಲೀಸ್ ನೋಂದಣಿ ಆಗಲೇಬೇಕು. ಆ ಖರ್ಚು ಉಳಿಸಲೆಂದೇ ಊರೆಲ್ಲ ಹನ್ನೊಂದು ತಿಂಗಳ ಕರಾರು ಬರೆಯುವುದು. ಇಲ್ಲಿ ಖರ್ಚನ್ನು ಮಾರಿದವರೇ ಹಾಕಿದರು.

ಈಗ ಕೈಯಲ್ಲಿರುವುದು ಜೆಪ್ಪು ಕಡೆಯ ಕಟ್ಟಡ. ಅಲ್ಲೂ ಮೊದಲು ಬಾಡಿಗೆ ಮನೆಗಳಿಗೇ ಹೋದೆ. ಹಿರಿಯರೊಬ್ಬರು, ಓನರ್ ವರ್ಷಕ್ಕೊಮ್ಮೆ ಇನ್ನೊಂದು ಮನೆತನಕ್ಕೆ ಗೇಣಿ ಕೊಟ್ಟು ಬರುತ್ತಿದ್ದರು ಎಂದು ಮಾತಿನ ನಡುವೆ ಹೇಳಿದರು. ಜಾಗ ಮೂಲಗೇಣಿಯದ್ದು! ಅಂದರೆ ಭೂಮಿಯ ಒಡೆತನ ಆ ಮನೆತನದ್ದು, ಓನರಿಗೆ ಇದ್ದದ್ದು ಗೇಣಿ ಕೊಟ್ಟು ಅನುಭವಿಸುವ ಶಾಶ್ವತ ಹಕ್ಕು ಮಾತ್ರ. ಮೂಲಗೇಣಿದಾರರಿಗೆ ಒಡೆತನ ಕೊಡಲೆಂದು 2011ರ ಕಾಯ್ದೆ ಬಂದದ್ದು ನಮ್ಮ ಜಿಲ್ಲೆಯ ಇಂಥ ಜಾಗಗಳಿಗಾಗಿಯೇ. ಫ್ಲ್ಯಾಟಿನ ಮಾತು ಸದ್ಯ ಬದಿಗಿಟ್ಟು ಹಳೆಯ ಗೇಣಿಚೀಟಿ ಹುಡುಕಲು ಹೇಳಿದ್ದೇನೆ.